ಮಕ್ಕಳ ಡಾಕ್ಟರ ಬೋರ್ಡು ಓದುವ ಬಗೆ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ವಿಷಯ ಜ್ವರವಿರಲಿ, ಲಸಿಕೆಯಿರಲಿ, ಮಗುವಿನ ತೂಕವಿರಲಿ, ಈ ಪುಟಕ್ಕೆ ಬರುವ ಕಾಗದಗಳ ಕೊನೆಯಲ್ಲಿ ಒಂದು ಪ್ರಶ್ನೆ ಅಂಟಿಕೊಂಡೇ ಇರುತ್ತದೆ: ನಾವು ತೋರಿಸುತ್ತಿರುವ ಡಾಕ್ಟರು ಏನು ಓದಿದ್ದಾರೆ, ಅವರು ನಿಜಕ್ಕೂ ಮಕ್ಕಳ ತಜ್ಞರೇ? ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಅಂಥ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ಮಗುವನ್ನು ತೋರಿಸಲು ಕಲಬುರಗಿಗೆ ಹೋದಾಗ ಒಂದೇ ರಸ್ತೆಯಲ್ಲಿ ಮೂರು ದವಾಖಾನೆಗಳ ಬೋರ್ಡು ಕಂಡೆವು. ಒಂದರಲ್ಲಿ ಎಂಬಿಬಿಎಸ್, ಡಿಸಿಎಚ್ ಎಂದಿತ್ತು. ಇನ್ನೊಂದರಲ್ಲಿ ಎಂಬಿಬಿಎಸ್, ಎಂಡಿ. ಮೂರನೆಯದರಲ್ಲಿ ಡಿಎನ್‌ಬಿ ಪೀಡಿಯಾಟ್ರಿಕ್ಸ್ ಎಂದು ಬರೆದು ಅದರ ಮುಂದೆ ಇನ್ನೂ ನಾಲ್ಕೈದು ಪದವಿಗಳ ಸಾಲಿತ್ತು. ಯಾರು ಹೆಚ್ಚು ಓದಿದವರು ಎಂದು ತಿಳಿಯದೆ ಪಾಳಿ ಕಡಿಮೆ ಇದ್ದಲ್ಲಿಗೆ ಹೋದೆವು. ಸರಿ ಮಾಡಿದೆವೇ?
– ಚಿತ್ತಾಪುರದ ಓದುಗರು

ಉತ್ತರ: ತಪ್ಪೇನೂ ಮಾಡಿಲ್ಲ. ಎರಡನೆಯ ಬೋರ್ಡಿನ ಬಗ್ಗೆ ಒಂದು ಅನುಮಾನವಿದೆ, ಅದನ್ನು ಆಮೇಲೆ ಹೇಳುತ್ತೇನೆ. ಉಳಿದಿಬ್ಬರೂ ಮಕ್ಕಳ ತಜ್ಞರೇ.

ಎಂಬಿಬಿಎಸ್ ಎಲ್ಲ ಅಲೋಪಥಿ ವೈದ್ಯರಿಗೂ ಬುನಾದಿ. ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್, ಒಟ್ಟು ಐದೂವರೆ ವರ್ಷ. ಈ ಅವಧಿಯಲ್ಲಿ ಮಕ್ಕಳ ವಿಭಾಗವನ್ನು ಎಲ್ಲರೂ ಓದಿ ಪರೀಕ್ಷೆ ಬರೆಯುತ್ತಾರೆ, ಇಂಟರ್ನ್‌ಶಿಪ್‌ನಲ್ಲಿ ಕೆಲವು ವಾರ ಮಕ್ಕಳ ವಾರ್ಡಿನಲ್ಲಿ ದುಡಿಯುತ್ತಾರೆ. ಸಾಮಾನ್ಯ ಜ್ವರ, ಭೇದಿ, ಕೆಮ್ಮು, ಲಸಿಕೆ ಇವುಗಳಿಗೆ ಈ ಓದು ಸಾಕು. ಆದರೆ ಇಷ್ಟರಿಂದಲೇ ಒಬ್ಬರು ಮಕ್ಕಳ ತಜ್ಞರಾಗುವುದಿಲ್ಲ.

ತಜ್ಞರಾಗಲು ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಎಂಡಿ ಪೀಡಿಯಾಟ್ರಿಕ್ಸ್, ಅಂದರೆ ಮಕ್ಕಳ ವೈದ್ಯಕೀಯದಲ್ಲಿ ಮೂರು ವರ್ಷದ ಪದವಿ. ಎರಡನೆಯದು ಡಿಎನ್‌ಬಿ ಪೀಡಿಯಾಟ್ರಿಕ್ಸ್; ಇದನ್ನು ಕೊಡುವುದು ವಿಶ್ವವಿದ್ಯಾಲಯವಲ್ಲ, ದೆಹಲಿಯಲ್ಲಿರುವ ರಾಷ್ಟ್ರೀಯ ವೈದ್ಯಕೀಯ ಪರೀಕ್ಷಾ ಮಂಡಳಿ. ಎಂಬಿಬಿಎಸ್ ನಂತರ ನೇರವಾಗಿ ಸೇರಿದವರಿಗೆ ಇದೂ ಮೂರು ವರ್ಷ, ಡಿಪ್ಲೊಮಾ ಮುಗಿಸಿ ಬಂದವರಿಗೆ ಎರಡು ವರ್ಷ. ಎಂಡಿ ಮತ್ತು ಡಿಎನ್‌ಬಿ ಎರಡಕ್ಕೂ ಸಮಾನ ಮಾನ್ಯತೆಯಿದೆ. ಡಿಎನ್‌ಬಿ ಎಂದರೆ ಎಂಡಿ ಸೀಟು ಸಿಗದವರು ಮಾಡುವ ಕೋರ್ಸು ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಆ ಪರೀಕ್ಷೆಯ ಬಿಗಿ ಎಂಥದ್ದೆಂದು ಅದನ್ನು ಬರೆದವರನ್ನೇ ಕೇಳಬೇಕು. ಮೂರನೆಯದು ಡಿಸಿಎಚ್, ಮಕ್ಕಳ ಆರೋಗ್ಯದಲ್ಲಿ ಎರಡು ವರ್ಷದ ಡಿಪ್ಲೊಮಾ. ಒಂದು ಕಾಲಕ್ಕೆ ಎಂಡಿ ಸೀಟುಗಳು ಬೆರಳೆಣಿಕೆಯಷ್ಟಿದ್ದವು. ನಮ್ಮ ಭಾಗದ ಹಿರಿಯ ಮಕ್ಕಳ ಡಾಕ್ಟರುಗಳಲ್ಲಿ ಬಹಳ ಜನ ಡಿಸಿಎಚ್ ಮಾಡಿದವರೇ. ಈಚಿನ ವರ್ಷಗಳಲ್ಲಿ ಕಾಲೇಜುಗಳ ಡಿಪ್ಲೊಮಾ ಸೀಟುಗಳನ್ನು ಹೆಚ್ಚಾಗಿ ಎಂಡಿ ಸೀಟುಗಳಾಗಿ ಬದಲಾಯಿಸಲಾಗಿದೆ. ಹೀಗಾಗಿ ಎಳೆಯ ವೈದ್ಯರ ಬೋರ್ಡಿನಲ್ಲಿ ಡಿಸಿಎಚ್ ಕಾಣುವುದು ಕಡಿಮೆಯಾಗಿದೆ. ಮೂವತ್ತು ವರ್ಷ ಎಳೆಗೂಸುಗಳನ್ನೇ ನೋಡಿಕೊಂಡು ಬಂದ ಡಿಸಿಎಚ್ ವೈದ್ಯರನ್ನು ಬಿಟ್ಟು, ಹೋದ ವರ್ಷ ಎಂಡಿ ಮುಗಿಸಿದವರೇ ಮೇಲು ಎಂದು ಓಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಎರಡನೆಯ ಬೋರ್ಡಿನ ಅನುಮಾನ ಇದು. ಅಲ್ಲಿ ಬರೀ ಎಂಡಿ ಎಂದಿತ್ತು. ಎಂಡಿ ಯಾವ ವಿಷಯದಲ್ಲಿ? ಜನರಲ್ ಮೆಡಿಸಿನ್, ಚರ್ಮರೋಗ, ಅರಿವಳಿಕೆ, ಔಷಧಶಾಸ್ತ್ರ, ಎಲ್ಲದರಲ್ಲೂ ಎಂಡಿ ಇದೆ. ಎಂಡಿ ಮುಂದೆ ಪೀಡಿಯಾಟ್ರಿಕ್ಸ್ ಎಂಬ ವಿಷಯದ ಹೆಸರು ಇರಲೇಬೇಕು. ಇಲ್ಲದಿದ್ದರೆ ಸಂಕೋಚಪಡದೆ ಕೇಳಿ.

ಮೂರನೆಯ ಬೋರ್ಡಿನ ಸಾಲು ಉದ್ದವಿರುವುದಕ್ಕೆ ಕಾರಣವಿದೆ. ಅದರಲ್ಲಿ ಎಂಐಎಪಿ ಎಂದಿದ್ದರೆ ಅವರು 1963ರಲ್ಲಿ ಸ್ಥಾಪನೆಯಾದ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸದಸ್ಯರು ಎಂದರ್ಥ. ಎಫ್‌ಐಎಪಿ ಎಂದಿದ್ದರೆ ಅದೇ ಅಕಾಡೆಮಿ ಹಿರಿಯ ಸದಸ್ಯರಿಗೆ ಕೊಡುವ ಗೌರವ. ಪಿಜಿಪಿಎನ್ ಎಂಬುದು ಮಕ್ಕಳ ಪೌಷ್ಟಿಕತೆಯ ಬಗ್ಗೆ ಆನ್‌ಲೈನಿನಲ್ಲಿ ಮಾಡುವ ಕೆಲವು ತಿಂಗಳ ಕೋರ್ಸು. ಎಂಆರ್‌ಸಿಪಿಸಿಎಚ್ ಬ್ರಿಟನ್ನಿನ ರಾಯಲ್ ಕಾಲೇಜಿನ ಸದಸ್ಯತ್ವ. ಇದಕ್ಕೆ ಕಠಿಣ ಪರೀಕ್ಷೆಗಳನ್ನು ಪಾಸಾಗಬೇಕು. ಇವು ಯಾವುವೂ ಸುಳ್ಳಲ್ಲ, ಕೆಲವು ನಿಜಕ್ಕೂ ಶ್ರಮದ ಗಳಿಕೆ. ಆದರೆ ಎಂಡಿ, ಡಿಎನ್‌ಬಿ ಅಥವಾ ಡಿಸಿಎಚ್ ಎಂಬ ಮೂಲ ಪದವಿಯ ಜಾಗವನ್ನು ಇವು ತುಂಬುವುದಿಲ್ಲ.

ಹಿರಿಯರ ಪ್ರಮಾಣಪತ್ರಗಳಲ್ಲಿ ವಿಶ್ವವಿದ್ಯಾಲಯದ ಹೆಸರು ಬೇರೆ ಬೇರೆ ಇರುವುದನ್ನು ಕಂಡು ಗಲಿಬಿಲಿಗೊಂಡವರೂ ಇದ್ದಾರೆ. ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾದಾಗ ಈ ಭಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು, 1996ರಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಒಂದೇ ಕಾಲೇಜಿನಲ್ಲಿ ಓದಿದ ಮೂರು ತಲೆಮಾರಿನ ವೈದ್ಯರ ಪದವಿಪತ್ರಗಳ ಮೇಲೆ ಮೂರು ಹೆಸರುಗಳಿದ್ದರೆ ಅದರಲ್ಲಿ ಶಂಕಿಸುವಂಥದ್ದೇನೂ ಇಲ್ಲ.

ಪ್ರಶ್ನೆ: ನಮ್ಮೂರಿಗೆ ಹೊಸದಾಗಿ ಬಂದ ಡಾಕ್ಟರ ಬೋರ್ಡಿನಲ್ಲಿ ಎಂಡಿ ಎಂದು ದೊಡ್ಡದಾಗಿಯೂ ಪಕ್ಕದಲ್ಲಿ ರಷ್ಯಾ ಎಂದು ಸಣ್ಣದಾಗಿಯೂ ಬರೆದಿದೆ. ವಿದೇಶದಲ್ಲಿ ಎಂಡಿ ಮಾಡಿದವರೆಂದರೆ ಇನ್ನೂ ಹೆಚ್ಚಿನ ತಜ್ಞರೇ?
– ಶಹಾಬಾದಿನ ಓದುಗರು

ಉತ್ತರ: ಅಲ್ಲ. ರಷ್ಯಾ, ಕಿರ್ಗಿಸ್ತಾನ್, ಜಾರ್ಜಿಯಾ ಮುಂತಾದ ದೇಶಗಳಲ್ಲಿ ವೈದ್ಯಕೀಯದ ಮೊದಲ ಪದವಿಗೇ ಎಂಡಿ ಎಂಬ ಹೆಸರಿದೆ. ಅದು ನಮ್ಮ ಎಂಬಿಬಿಎಸ್‌ಗೆ ಸಮ. ಹಾಗೆ ಓದಿ ಬಂದವರು ಇಲ್ಲಿ ವೃತ್ತಿ ಮಾಡಬೇಕಾದರೆ 2002ರಿಂದ ಜಾರಿಯಲ್ಲಿರುವ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಪಡೆದು, ಇಂಟರ್ನ್‌ಶಿಪ್ ಮುಗಿಸಿ, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ಅದೆಲ್ಲ ಆಗಿದ್ದರೆ ಅವರು ಯಾವ ಎಂಬಿಬಿಎಸ್ ವೈದ್ಯರಿಗೂ ಕಡಿಮೆಯಲ್ಲ, ನಿಶ್ಚಿಂತೆಯಿಂದ ತೋರಿಸಿ. ಆದರೆ ಮಕ್ಕಳ ತಜ್ಞರು ಎಂದು ಕರೆದುಕೊಳ್ಳಲು ಅವರಿಗೂ ಮುಂದಿನ ಓದು ಬೇಕೇ ಬೇಕು.

ಪ್ರಶ್ನೆ: ನನ್ನ ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಹೈದರಾಬಾದಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿಕೊಂಡರು. ಕೂಸು ಈಗ ಆರೋಗ್ಯವಾಗಿದೆ. ಅಲ್ಲಿ ಒಬ್ಬರು ನಿಯೊನೇಟಾಲಜಿಸ್ಟ್, ಒಬ್ಬರು ಕನ್ಸಲ್ಟೆಂಟ್, ಇನ್ನೊಬ್ಬರು ಫೆಲೊ ಎಂದು ಹೇಳುತ್ತಿದ್ದರು. ಇವರೆಲ್ಲರ ಓದು ಏನು? ಇಂಥ ಚಿಕಿತ್ಸೆ ಬೀದರಿನಲ್ಲೇ ಸಿಗುತ್ತಿರಲಿಲ್ಲವೇ?
– ಭಾಲ್ಕಿಯ ಓದುಗರು

ಉತ್ತರ: ಕೂಸು ಚೆನ್ನಾಗಿರುವುದು ಸಂತೋಷ. ಕನ್ಸಲ್ಟೆಂಟ್ ಎಂಬುದು ಆಸ್ಪತ್ರೆಯಲ್ಲಿನ ಹುದ್ದೆ. ಅದರಿಂದ ಅವರ ಓದು ಗೊತ್ತಾಗುವುದಿಲ್ಲ. ನಿಯೊನೇಟಾಲಜಿಸ್ಟ್ ಎಂದರೆ ನವಜಾತ ಶಿಶು ತಜ್ಞರು. ಹುಟ್ಟಿದ ಮೊದಲ 28 ದಿನಗಳ ಕೂಸುಗಳು, ಅದರಲ್ಲೂ ದಿನ ತುಂಬದೆ ಹುಟ್ಟಿದವು, ಅವರ ಕ್ಷೇತ್ರ. ಪೂರ್ಣ ಅರ್ಥದಲ್ಲಿ ಹಾಗೆನ್ನಿಸಿಕೊಳ್ಳುವವರು ಎಂಡಿ ಅಥವಾ ಡಿಎನ್‌ಬಿ ಮುಗಿಸಿದ ಮೇಲೆ ಮತ್ತೆ ಮೂರು ವರ್ಷ ಓದಿ ಡಿಎಂ ನಿಯೊನೇಟಾಲಜಿ ಅಥವಾ ಅದಕ್ಕೆ ಸಮನಾದ ಡಿಆರ್‌ಎನ್‌ಬಿ ಪಡೆದಿರುತ್ತಾರೆ. ಲೆಕ್ಕ ಹಾಕಿದರೆ ಪಿಯುಸಿ ನಂತರ ಹನ್ನೊಂದೂವರೆ ವರ್ಷದ ಓದು. ಮಕ್ಕಳ ಹೃದ್ರೋಗ, ನರರೋಗ, ಮೂತ್ರಪಿಂಡ, ತೀವ್ರ ನಿಗಾ ಘಟಕದ ಚಿಕಿತ್ಸೆ ಇವುಗಳಿಗೂ ಇದೇ ಮಟ್ಟದ ಡಿಎಂ ಕೋರ್ಸುಗಳಿವೆ.

ಫೆಲೊಶಿಪ್ ಇದಕ್ಕಿಂತ ಚಿಕ್ಕದು. ತಜ್ಞ ಪದವಿಯ ನಂತರ ಒಂದು ಅಥವಾ ಒಂದೂವರೆ ವರ್ಷ ಒಂದೇ ವಿಭಾಗದಲ್ಲಿ ಪಡೆದ ತರಬೇತಿ. ಒಳ್ಳೆಯ ಘಟಕದಲ್ಲಿ ಹಗಲುರಾತ್ರಿ ದುಡಿದು ಫೆಲೊಶಿಪ್ ಮಾಡಿದವರ ಕೈಯಲ್ಲಿ ಎಷ್ಟೋ ಎಳೆಗೂಸುಗಳು ಉಳಿದಿವೆ, ಹಾಗಾಗಿ ಇದನ್ನು ಹಗುರಾಗಿ ಕಾಣಬಾರದು. ಆದರೆ ಡಿಎಂ ಮತ್ತು ಫೆಲೊಶಿಪ್ ಎರಡೂ ಒಂದೇ ಎಂಬಂತೆ ಆಸ್ಪತ್ರೆಯ ಜಾಹೀರಾತು ಬರೆಯುವುದು ಸರಿಯಲ್ಲ, ಮತ್ತು ಅದು ದೊಡ್ಡ ಊರುಗಳಲ್ಲೇ ಹೆಚ್ಚು.

ಬೀದರಿನ ಮಾತು. 2007ರಲ್ಲಿ ಆರಂಭವಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಎಲ್ಲರೂ ಹೇಳುವ ಬ್ರಿಮ್ಸ್, ಜಿಲ್ಲೆಯ ಸರ್ಕಾರಿ ಬೋಧನಾ ಆಸ್ಪತ್ರೆ. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಎಂಬ ನವಜಾತ ಶಿಶುಗಳ ವಿಶೇಷ ಘಟಕ ಇರುತ್ತದೆ. ಹುಟ್ಟುವಾಗ 1,800 ಗ್ರಾಮಿಗಿಂತ ಕಡಿಮೆ ತೂಗುವ ಅಥವಾ 34 ವಾರಕ್ಕೆ ಮೊದಲೇ ಹುಟ್ಟಿದ ಕೂಸುಗಳನ್ನು ಅಲ್ಲಿ ದಾಖಲಿಸಿಕೊಳ್ಳಬೇಕೆಂಬುದು ನಿಯಮ. ಆ ಘಟಕಗಳನ್ನು ಸಾಮಾನ್ಯವಾಗಿ ನಡೆಸುವವರು ತರಬೇತಿ ಪಡೆದ ಮಕ್ಕಳ ತಜ್ಞರು ಮತ್ತು ದಾದಿಯರು. ಕಾಮಾಲೆಗೆ ನೀಲಿ ಬೆಳಕು, ಬೆಚ್ಚಗಿಡುವುದು, ಆಮ್ಲಜನಕ, ಸೋಂಕಿಗೆ ಔಷಧ ಇಷ್ಟರಲ್ಲೇ ಚೇತರಿಸಿಕೊಳ್ಳುವ ಕೂಸುಗಳೇ ಹೆಚ್ಚು. ದೀರ್ಘಕಾಲ ವೆಂಟಿಲೇಟರ್ ಬೇಕಾದಾಗ, ಹೃದಯದ ರಚನೆಯಲ್ಲೇ ದೋಷವಿದ್ದಾಗ, ಹುಟ್ಟಿದ ಕೂಡಲೇ ಶಸ್ತ್ರಚಿಕಿತ್ಸೆ ಆಗಬೇಕಾದಾಗ ದೊಡ್ಡ ಊರು ಅನಿವಾರ್ಯ. ಅದು ಖಾಸಗಿಯೇ ಆಗಬೇಕೆಂದಿಲ್ಲ: ಹೈದರಾಬಾದಿನ ನೀಲೋಫರ್ ಆಸ್ಪತ್ರೆಯೂ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಮಕ್ಕಳಿಗಾಗಿಯೇ ಇರುವ ಸರ್ಕಾರಿ ಸಂಸ್ಥೆಗಳು.

ಹೈದರಾಬಾದಿನಲ್ಲಿ ಕೆಲಸ ಮಾಡುವ ವೈದ್ಯರ ನೋಂದಣಿ ತೆಲಂಗಾಣದ ಪರಿಷತ್ತಿನಲ್ಲೂ, ನಮ್ಮ ಆಳಂದ, ಅಫಜಲಪುರದ ಕಡೆಯವರು ಹೋಗುವ ಸೊಲ್ಲಾಪುರದ ವೈದ್ಯರ ನೋಂದಣಿ ಮಹಾರಾಷ್ಟ್ರದ ಪರಿಷತ್ತಿನಲ್ಲೂ ಇರುತ್ತದೆ. ಕರ್ನಾಟಕದ ಪಟ್ಟಿಯಲ್ಲಿ ಅವರ ಹೆಸರು ಸಿಗಲಿಲ್ಲವೆಂದು ಗಾಬರಿಯಾಗಬೇಡಿ.

ಪ್ರಶ್ನೆ: ನಮ್ಮ ಶಾಲೆಗೆ ಮಕ್ಕಳ ತಪಾಸಣೆಗೆಂದು ಸರ್ಕಾರಿ ಜೀಪಿನಲ್ಲಿ ಬರುವ ಡಾಕ್ಟರು ಆಯುರ್ವೇದ ಓದಿದವರು ಎಂದು ತಿಳಿಯಿತು. ಒಬ್ಬ ಹುಡುಗನ ಎದೆಯಲ್ಲಿ ಬೇರೆ ಸದ್ದು ಕೇಳಿಸುತ್ತಿದೆ ಎಂದು ಯಾದಗಿರಿಗೆ ಬರೆದುಕೊಟ್ಟಿದ್ದಾರೆ. ಪಾಲಕರು ನಂಬುತ್ತಿಲ್ಲ. ನಾನು ಏನು ಹೇಳಲಿ?
– ಸುರಪುರ ತಾಲ್ಲೂಕಿನ ಶಿಕ್ಷಕಿ

ಉತ್ತರ: ತಡಮಾಡದೆ ಹೋಗಲು ಹೇಳಿ, ಗುರುಗಳೇ. ನಿಮ್ಮ ಶಾಲೆಗೆ ಬಂದದ್ದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. ಆ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಆರೋಗ್ಯ ಸಹಾಯಕಿ, ಒಬ್ಬ ಫಾರ್ಮಸಿಸ್ಟ್ ಇರಬೇಕೆಂದು ಕಾರ್ಯಕ್ರಮವನ್ನು ರೂಪಿಸುವಾಗಲೇ ತೀರ್ಮಾನವಾಗಿತ್ತು. ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲೆಯ ಮಕ್ಕಳನ್ನು ಒಂದು ಸಲ ಅವರು ನೋಡುತ್ತಾರೆ. ಹುಟ್ಟಿನಿಂದ ಬಂದ ದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ ಇವನ್ನು ಗುರುತಿಸಿ ಮುಂದಕ್ಕೆ ಕಳಿಸುವುದು ಅವರ ಕೆಲಸ, ಆ ಕೆಲಸಕ್ಕೆ ಬೇಕಾದ ತರಬೇತಿಯನ್ನು ಅವರಿಗೆ ಕೊಟ್ಟಿರುತ್ತಾರೆ. ಎದೆಯ ಸದ್ದಿಗೆ ಕಾರಣವೇನೆಂದು ತೀರ್ಮಾನಿಸುವವರು ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರು, ಬೇಕಾದರೆ ಅವರ ಮುಂದಿನ ಹೃದ್ರೋಗ ತಜ್ಞರು. ಸದ್ದು ನಿರುಪದ್ರವಿ ಎಂದು ಗೊತ್ತಾದರೂ ಒಳ್ಳೆಯದೇ ಆಯಿತು. ಶಸ್ತ್ರಚಿಕಿತ್ಸೆ ಬೇಕೆಂದಾದರೆ ಈ ಕಾರ್ಯಕ್ರಮದಡಿ ಖರ್ಚಿಲ್ಲದೆ ಆಗುತ್ತದೆ. ಆದ್ದರಿಂದ ಅವರು ಬರೆದುಕೊಟ್ಟ ಚೀಟಿಯನ್ನು ಪಾಲಕರು ಜೋಪಾನವಾಗಿಡಲಿ.

ಆಯುರ್ವೇದದಲ್ಲಿಯೂ ಮಕ್ಕಳ ವಿಭಾಗವಿದೆ. ಬಿಎಎಂಎಸ್ ಎಂಬ ಮೂಲ ಪದವಿಯ ನಂತರ ಕೌಮಾರಭೃತ್ಯ ಎಂಬ ವಿಷಯದಲ್ಲಿ ಮೂರು ವರ್ಷ ಓದಿ ಎಂಡಿ ಪಡೆಯುತ್ತಾರೆ. ಅವರು ತಮ್ಮ ಪದ್ಧತಿಯಲ್ಲಿ ಮಕ್ಕಳ ತಜ್ಞರು ಎಂದು ಹೇಳಿಕೊಳ್ಳುವುದು ನ್ಯಾಯವೇ. ತೊಡಕು ಹುಟ್ಟುವುದು ಒಂದು ಪದ್ಧತಿಯಲ್ಲಿ ಓದಿದವರು ಇನ್ನೊಂದರ ಔಷಧ ಬರೆದಾಗ. ಹೋಮಿಯೋಪಥಿಯಲ್ಲಿ ನೋಂದಣಿಯಾದ ವೈದ್ಯರೊಬ್ಬರು ರೋಗಿಗೆ ಅಲೋಪಥಿ ಔಷಧ ಕೊಟ್ಟ ಪ್ರಕರಣದಲ್ಲಿ, ಓದದ ಪದ್ಧತಿಯ ಔಷಧ ಕೊಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟು 1996ರಲ್ಲಿಯೇ ಹೇಳಿದೆ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಒಬ್ಬರಿದ್ದಾರೆ. ಬೋರ್ಡಿಲ್ಲ, ಆರ್‌ಎಂಪಿ ಎನ್ನುತ್ತಾರೆ. ಮಕ್ಕಳಿಗೆ ಜ್ವರ ಬಂದರೆ ಸೂಜಿ ಮಾಡುತ್ತಾರೆ, ಸುಸ್ತಾದರೆ ಸಲೈನ್ ಹಾಕುತ್ತಾರೆ, ಗುಣವೂ ಆಗುತ್ತದೆ. ನಡುರಾತ್ರಿ ಕರೆದರೂ ಬರುತ್ತಾರೆ. ತಜ್ಞರು ಇರುವುದು ನಲವತ್ತು ಕಿಲೋಮೀಟರ್ ದೂರದಲ್ಲಿ. ನಾವು ಏನು ಮಾಡಬೇಕು?
– ಗುರುಮಠಕಲ್ ತಾಲ್ಲೂಕಿನ ತಂದೆ

ಉತ್ತರ: ನಡುರಾತ್ರಿ ಬರುವವರನ್ನು ಬೈಯುವುದು ಪಟ್ಟಣದಲ್ಲಿ ಕೂತವರಿಗೆ ಸುಲಭ. ಆದರೂ ನೇರವಾಗಿ ಹೇಳುತ್ತೇನೆ: ನೋಂದಣಿ ಸಂಖ್ಯೆ ತೋರಿಸಲಾಗದವರ ಕೈಯಿಂದ ಮಗುವಿಗೆ ಸೂಜಿ ಮಾಡಿಸಬೇಡಿ. ಮಕ್ಕಳ ಜ್ವರ ಬಹುಪಾಲು ವೈರಸ್‌ನಿಂದ ಬರುವಂಥದ್ದು, ಸೂಜಿ ಮಾಡಿದರೂ ಮಾಡದಿದ್ದರೂ ಮೂರು ನಾಲ್ಕು ದಿನಗಳಲ್ಲಿ ಇಳಿಯುತ್ತದೆ. ಹೆಸರು ಮಾತ್ರ ಸೂಜಿಗೆ ಬರುತ್ತದೆ. ಮೊದಲ ದಿನವೇ ಜ್ವರ ಬಿಡಿಸುವ ಸೂಜಿಯಲ್ಲಿ ಸ್ಟೀರಾಯ್ಡ್ ಇದ್ದರೆ ಅದು ಒಳಗಿನ ಸೋಂಕನ್ನು ಮುಚ್ಚಿಡಬಲ್ಲದು. ಭೇದಿಯಾದ ಮಗುವಿಗೆ, ಅದು ಕುಡಿಯುವ ಸ್ಥಿತಿಯಲ್ಲಿದ್ದರೆ, ಸಲೈನಿಗಿಂತ ಓಆರ್‌ಎಸ್ ನೀರೇ ಸರಿಯಾದ ಔಷಧ. ಜೊತೆಗೆ ಹದಿನಾಲ್ಕು ದಿನ ಜಿಂಕ್ ಗುಳಿಗೆ, ಆರು ತಿಂಗಳೊಳಗಿನ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕೆ ಮೇಲ್ಪಟ್ಟವರಿಗೆ 20. ಇವೆರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತವೆ.

ನಿಮ್ಮ ಮೊದಲ ನಿಲ್ದಾಣ ಆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಆಗಲಿ. ಅಲ್ಲಿನ ಎಂಬಿಬಿಎಸ್ ವೈದ್ಯರಿಗೆ ಮಕ್ಕಳ ತಜ್ಞ ಪದವಿ ಇಲ್ಲದಿರಬಹುದು, ಆದರೆ ಯಾವ ಮಗುವನ್ನು ಮುಂದಕ್ಕೆ ಕಳಿಸಬೇಕು ಎಂಬುದನ್ನು ಅವರು ಕಲಿತಿರುತ್ತಾರೆ. ಮಗು ಎದೆಹಾಲು ಅಥವಾ ನೀರನ್ನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಎಚ್ಚರವಾಗದಷ್ಟು ಮಂಕಾಗಿದ್ದರೆ ಯಾವ ಬೋರ್ಡನ್ನೂ ಓದುತ್ತ ನಿಲ್ಲದೆ 108ಕ್ಕೆ ಕರೆ ಮಾಡಿ. ಉಸಿರಾಟವನ್ನು ನೀವೇ ಎಣಿಸಬಹುದು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಅಥವಾ ಇವುಗಳಿಗಿಂತ ಹೆಚ್ಚು ಬಂದರೆ ಅದು ವೇಗದ ಉಸಿರಾಟ, ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಸೇರುತ್ತಿದ್ದರೆ ಇನ್ನೂ ಬೇಗ.

ತಾಲ್ಲೂಕು ಆಸ್ಪತ್ರೆಯ ಮಕ್ಕಳ ಡಾಕ್ಟರು ವರ್ಷಕ್ಕೊಬ್ಬರು ಬದಲಾಗುತ್ತಾರೆ ಎಂದೂ ನೀವು ಬೇಸರದಿಂದ ಬರೆದಿದ್ದೀರಿ. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಸಲ್ಲಿಸಬೇಕೆಂಬ ಕಾಯ್ದೆ ನಮ್ಮ ರಾಜ್ಯದಲ್ಲಿ 2012ರಲ್ಲಿ ಬಂತು; ಹಾಗೆ ಬಂದ ಎಳೆಯ ತಜ್ಞರು ಅವಧಿ ಮುಗಿದೊಡನೆ ಹೊರಡುತ್ತಾರೆ. ಜೊತೆಗೆ 2021ರ ತಂಡದಿಂದೀಚೆಗೆ ಎಂಡಿ ಓದುತ್ತಿರುವವರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕು. ಮುಖಗಳು ಬದಲಾಗುವುದಕ್ಕೆ ಇವು ಕಾರಣ. ಬದಲಾದವರೂ ಓದಿದವರೇ, ಆದರೆ ಮಗುವಿನ ಹಿಂದಿನ ಚೀಟಿಗಳನ್ನು ನೀವು ಒಂದು ಚೀಲದಲ್ಲಿ ಕೂಡಿಸಿಡದಿದ್ದರೆ ಹೊಸಬರಿಗೆ ಹಳೆಯದು ತಿಳಿಯುವುದಿಲ್ಲ.

ಪ್ರಶ್ನೆ: ಪದವಿ ಇದ್ದೂ ಸರಿಯಾಗಿ ನೋಡದವರಿದ್ದಾರೆ. ಓದನ್ನು ಬಿಟ್ಟು ಬೇರೆ ಯಾವುದರಿಂದ ಒಳ್ಳೆಯ ಮಕ್ಕಳ ಡಾಕ್ಟರನ್ನು ಗುರುತಿಸಬಹುದು?
– ಹುಮನಾಬಾದಿನ ತಾಯಿ

ಉತ್ತರ: ಔಷಧ ಚೀಟಿಯ ಮೇಲ್ತುದಿಯನ್ನು ನೋಡಿ. ಅಲ್ಲಿ ಮಗುವಿನ ವಯಸ್ಸಿನ ಪಕ್ಕದಲ್ಲಿ ತೂಕ ಬರೆದಿದೆಯೇ? ದೊಡ್ಡವರಿಗೆ ಒಂದು ಗುಳಿಗೆ ಎಂದರೆ ಮುಗಿಯಿತು, ಮಕ್ಕಳಿಗೆ ಬಹುಪಾಲು ಔಷಧಗಳನ್ನು ಕಿಲೋ ಲೆಕ್ಕದಲ್ಲಿ ಕೊಡಬೇಕು. ಜ್ವರದ ಪ್ಯಾರಾಸಿಟಮಾಲ್ ಅನ್ನೇ ತೆಗೆದುಕೊಳ್ಳಿ. ಒಂದು ಸಲಕ್ಕೆ ಕಿಲೋ ತೂಕಕ್ಕೆ ಸುಮಾರು 15 ಮಿಲಿಗ್ರಾಂ, ಅಂದರೆ ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ. ಅಂಗಡಿಯಲ್ಲಿ ಈ ಸಿರಪ್ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಮೊದಲ ಬಾಟಲಿಯಲ್ಲಾದರೆ 6 ಎಂಎಲ್ ಕೊಡಬೇಕು, ಎರಡನೆಯದರಲ್ಲಾದರೆ 3 ಎಂಎಲ್ ಸಾಕು. ಚೀಟಿಯಲ್ಲಿ ಬರೀ ಒಂದು ಚಮಚ ಎಂದು ಬರೆದಿದ್ದು, ಮೆಡಿಕಲ್ ಅಂಗಡಿಯವರು ಬಾಟಲಿ ಬದಲಾಯಿಸಿ ಕೊಟ್ಟರೆ, ಮಗುವಿಗೆ ಹೋಗುವ ಔಷಧ ದುಪ್ಪಟ್ಟಾಗಬಹುದು. ಇದು ಮಕ್ಕಳ ವಿಭಾಗದಲ್ಲಿ ತರಬೇತಾದವರಿಗೆ ಕೈಗೆ ಹತ್ತಿದ ಅಭ್ಯಾಸ: ಮೊದಲು ತೂಕದ ಯಂತ್ರ, ಆಮೇಲೆ ಪೆನ್ನು. ಎಷ್ಟು ಎಂಎಲ್, ಯಾವ ಪ್ರಮಾಣದ ಬಾಟಲಿ, ಎಷ್ಟು ಗಂಟೆಗೊಮ್ಮೆ, ಎಷ್ಟು ದಿನ ಎಂದು ಓದಲು ಬರುವಂತೆ ಬರೆದವರನ್ನು ನಾನು ಅರ್ಧ ನಂಬುತ್ತೇನೆ. ಯಾವ ಲಕ್ಷಣ ಕಂಡರೆ ಮತ್ತೆ ಕರೆತರಬೇಕು ಎಂದೂ ಹೇಳಿ ಕಳಿಸಿದವರನ್ನು ಪೂರ್ತಿ ನಂಬುತ್ತೇನೆ.

ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಕೊಡುವುದನ್ನು ಸರ್ಕಾರ 2011ರಲ್ಲೇ ನಿಷೇಧಿಸಿದೆ. ಚಿಕ್ಕ ಮಗುವಿನ ಚೀಟಿಯಲ್ಲಿ ಅದು ಕಂಡರೆ ಬೋರ್ಡಿನ ಮೇಲೆ ಏನೇ ಬರೆದಿರಲಿ, ನೀವು ಪ್ರಶ್ನೆ ಕೇಳಲೇಬೇಕು.

ಪ್ರಶ್ನೆ: ಒಂದು ವರ್ಷದ ಮಗನಿಗೆ ಒಂದು ಬೀಜ ಕೆಳಗೆ ಇಳಿದಿಲ್ಲ. ಮಕ್ಕಳ ಡಾಕ್ಟರು ಎಂಸಿಎಚ್ ಮಾಡಿದವರಿಗೆ ತೋರಿಸಿ ಎಂದರು. ತಾಯಿ ಮಕ್ಕಳ ಆಸ್ಪತ್ರೆಗೂ ಎಂಸಿಎಚ್ ಎನ್ನುತ್ತಾರಲ್ಲ?
– ಆಳಂದದ ಓದುಗರು

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ಮಕ್ಕಳ ಶಸ್ತ್ರಚಿಕಿತ್ಸಕರನ್ನು. ಎಂಬಿಬಿಎಸ್ ಮೇಲೆ ಎಂಎಸ್ ಜನರಲ್ ಸರ್ಜರಿ, ಅದರ ಮೇಲೆ ಮೂರು ವರ್ಷದ ಎಂಸಿಎಚ್ ಪೀಡಿಯಾಟ್ರಿಕ್ ಸರ್ಜರಿ ಮಾಡಿದವರು ಅವರು. ಮಕ್ಕಳ ತಜ್ಞರು ಔಷಧದಿಂದ ಚಿಕಿತ್ಸೆ ಮಾಡುತ್ತಾರೆ, ಇವರು ಶಸ್ತ್ರಕ್ರಿಯೆ ಮಾಡುತ್ತಾರೆ. ಬೀಜ ಆರು ತಿಂಗಳಾದರೂ ಇಳಿಯದಿದ್ದರೆ ಒಂದೂವರೆ ವರ್ಷದೊಳಗೆ ಶಸ್ತ್ರಕ್ರಿಯೆ ಮುಗಿಸುವುದು ಒಳ್ಳೆಯದು. ದೊಡ್ಡವನಾಗಲಿ ನೋಡೋಣ ಎಂದು ಮನೆಯ ಹಿರಿಯರು ಹೇಳಿದರೂ ಕಾಯಬೇಡಿ.

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗಳು ಮಕ್ಕಳ ಡಾಕ್ಟರಾಗಬೇಕೆನ್ನುತ್ತಾಳೆ. ಎಷ್ಟು ವರ್ಷ ಬೇಕು? ನಮ್ಮ ಭಾಗದವರಿಗೆ ಸೀಟಿನಲ್ಲಿ ಅನುಕೂಲವಿದೆಯೇ?
– ಸೇಡಂನ ತಂದೆ

ಉತ್ತರ: ನೀಟ್ ಬರೆದು ಎಂಬಿಬಿಎಸ್ ಸೇರಿ, ಮುಗಿಸಿ, ಮತ್ತೆ ನೀಟ್ ಪಿಜಿ ಬರೆದು ಎಂಡಿ ಮುಗಿಸುವ ಹೊತ್ತಿಗೆ, ಎಲ್ಲವೂ ಮೊದಲ ಯತ್ನದಲ್ಲೇ ದಕ್ಕಿದರೆ, ಮಗಳಿಗೆ ಇಪ್ಪತ್ತೇಳರ ಆಸುಪಾಸು. ಎಲ್ಲವೂ ಮೊದಲ ಯತ್ನದಲ್ಲಿ ದಕ್ಕುವುದು ಅಪರೂಪ, ಅದಕ್ಕೆ ಒಂದೆರಡು ವರ್ಷ ಸೇರಿಸಿಕೊಂಡೇ ಮನಸ್ಸು ಗಟ್ಟಿಮಾಡಿಕೊಳ್ಳಿ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಲಭ್ಯ ಸೀಟುಗಳ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8 ಸ್ಥಳೀಯರಿಗೆ ಮೀಸಲು. ಇದಕ್ಕೆ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ, ಕೌನ್ಸೆಲಿಂಗಿನ ದಿನ ಓಡಾಡುವಂತಾಗಬಾರದು. ಯಾದಗಿರಿಯಲ್ಲಿಯೂ 2022ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ನಾವು ಓದುವ ಕಾಲಕ್ಕೆ ಈ ಮೂರು ಜಿಲ್ಲೆಗಳಿಗೆ ಕಲಬುರಗಿಯ ಒಂದೇ ಕಾಲೇಜು ಇತ್ತು.

ಎಂಡಿಯ ಮೂರು ವರ್ಷ ಹೇಗಿರುತ್ತವೆ ಎಂಬುದನ್ನು ಅವಳಿಗೆ ಈಗಲೇ ಹೇಳಿಡುವುದು ಒಳಿತು. ಹೊರರೋಗಿ ವಿಭಾಗ, ವಾರ್ಡು, ಹೆರಿಗೆ ಕೋಣೆಯಲ್ಲಿ ಹುಟ್ಟಿದ ಕ್ಷಣದಲ್ಲೇ ಉಸಿರಾಡದ ಕೂಸಿಗೆ ಉಸಿರು ಕೊಡುವುದು, ನವಜಾತ ಘಟಕದ ರಾತ್ರಿ ಪಾಳಿ, ಇವುಗಳ ನಡುವೆಯೇ ಒಂದು ಪ್ರಬಂಧ ಬರೆದು ಒಪ್ಪಿಸಬೇಕು. ರೋಗಿಗೆ ಮಾತು ಬಾರದ ವಿಭಾಗವಿದು. ಮಗುವಿನ ಪರವಾಗಿ ಮಾತಾಡುವ ತಾಯಿ, ಅಜ್ಜಿ, ಸೋದರಮಾವ ಮೂವರೂ ಮೂರು ಬೇರೆ ಕತೆ ಹೇಳಿದಾಗ ಅವುಗಳಲ್ಲಿ ಕಾಯಿಲೆಯ ಕತೆ ಯಾವುದೆಂದು ಆರಿಸುವ ತಾಳ್ಮೆ ಅವಳಲ್ಲಿದ್ದರೆ ಹಾದಿ ಸರಿಯಾಗಿದೆ.

ಪ್ರಶ್ನೆ: ಹದಿನೈದು ವರ್ಷದ ಮಗನನ್ನು ಮಕ್ಕಳ ಡಾಕ್ಟರಿಗೆ ತೋರಿಸಬಹುದೇ? ಅವನಿಗೆ ನಾಚಿಕೆ.
– ಬಸವಕಲ್ಯಾಣದ ತಾಯಿ

ಉತ್ತರ: ಹದಿನೆಂಟು ತುಂಬುವವರೆಗೂ ಮಕ್ಕಳ ತಜ್ಞರಿಗೆ ತೋರಿಸಬಹುದು. ಕೆಲವು ಆಸ್ಪತ್ರೆಗಳು ಹನ್ನೆರಡು ಅಥವಾ ಹದಿನಾಲ್ಕಕ್ಕೆ ಗೆರೆ ಎಳೆಯುತ್ತವೆ, ಅದು ಹಾಸಿಗೆಗಳ ಅನುಕೂಲಕ್ಕೆ. ಅವನು ಒಪ್ಪದಿದ್ದರೆ ಫಿಜಿಶಿಯನ್ ಬಳಿ ಹೋದರೂ ಆದೀತು.

ಪ್ರಶ್ನೆ: ಒಬ್ಬರು ಬೋರ್ಡಿನಲ್ಲಿ ಮಕ್ಕಳ ತಜ್ಞರು ಎಂದು ಹಾಕಿಕೊಂಡಿದ್ದಾರೆ, ವಿಚಾರಿಸಿದರೆ ಅವರಿಗೆ ಅಂಥ ಓದು ಇಲ್ಲ ಎಂದು ಊರವರು ಹೇಳುತ್ತಾರೆ. ಖಚಿತ ಮಾಡಿಕೊಳ್ಳುವುದು ಹೇಗೆ, ದೂರು ಯಾರಿಗೆ?
– ಶಹಾಪುರದ ಓದುಗರು

ಉತ್ತರ: ಊರ ಮಾತನ್ನು ನಂಬಿ ದೂರು ಬರೆಯುವ ಮೊದಲು ನೋಂದಣಿ ಸಂಖ್ಯೆ ನೋಡಿ. ಇಂದಿಗೂ ಜಾರಿಯಲ್ಲಿರುವ 2002ರ ವೃತ್ತಿ ನಡತೆ ನಿಯಮಗಳ ಪ್ರಕಾರ ಪ್ರತಿ ವೈದ್ಯರೂ ತಮ್ಮ ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲಿ ಪ್ರದರ್ಶಿಸಬೇಕು, ಔಷಧ ಚೀಟಿ, ಪ್ರಮಾಣಪತ್ರ, ಹಣದ ರಸೀದಿಗಳ ಮೇಲೂ ನಮೂದಿಸಬೇಕು. ಆ ವಿಷಯದಲ್ಲಿ ವಿಶೇಷ ಪದವಿ ಇಲ್ಲದವರು ತಜ್ಞರೆಂದು ಹೇಳಿಕೊಳ್ಳಬಾರದು ಎಂಬುದೂ ಅದೇ ನಿಯಮಗಳಲ್ಲಿದೆ. ಸಂಖ್ಯೆ ಸಿಕ್ಕರೆ ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಜಾಲತಾಣದಲ್ಲಿ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲಿ ಹುಡುಕಿ. ಮೊಬೈಲಿನಲ್ಲೇ ಆಗುವ ಕೆಲಸ. ಮೂಲ ಪದವಿ ಇದ್ದು ಹೆಚ್ಚುವರಿ ಪದವಿಯ ನಮೂದು ಕಾಣದಿದ್ದರೆ, ಅವರು ಅದನ್ನು ಇನ್ನೂ ದಾಖಲಿಸಿಲ್ಲದಿರುವ ಸಾಧ್ಯತೆಯೂ ಇದೆ. ಒಮ್ಮೆ ಅವರನ್ನೇ ವಿನಯದಿಂದ ಕೇಳಿ. ಓದಿದವರು ಸಿಟ್ಟಾಗುವುದಿಲ್ಲ, ಹೆಚ್ಚೆಂದರೆ ಗೋಡೆಗೆ ತೂಗುಹಾಕಿದ ಪ್ರಮಾಣಪತ್ರದ ಕಡೆ ಕೈ ತೋರಿಸುತ್ತಾರೆ.

ನೋಂದಾಯಿತ ವೈದ್ಯರು ಇಲ್ಲದ ಪದವಿ ಹಾಕಿಕೊಂಡಿದ್ದರೆ ದೂರು ಹೋಗಬೇಕಾದದ್ದು ವೈದ್ಯಕೀಯ ಪರಿಷತ್ತಿಗೆ. ಅದು ಎಚ್ಚರಿಕೆ ಕೊಡಬಹುದು, ಪಟ್ಟಿಯಿಂದ ಹೆಸರು ತೆಗೆಯಬಹುದು, ಆದರೆ ನಿಮಗೆ ಪರಿಹಾರಧನ ಕೊಡಿಸುವುದಿಲ್ಲ. ಹಾನಿಯಾಗಿದ್ದರೆ ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೋಂದಣಿಯೇ ಇಲ್ಲದವರ ವಿಷಯವಾದರೆ ಅಥವಾ ಖಾಸಗಿ ದವಾಖಾನೆ ನಡೆಸಲು ಬೇಕಾದ ಕೆಪಿಎಂಇ ಪರವಾನಗಿ ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ. ಖಾಸಗಿ ದವಾಖಾನೆಗಳ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸದಸ್ಯ ಕಾರ್ಯದರ್ಶಿ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ ಒಂದು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ದೂರಿನ ಜೊತೆ ಬೋರ್ಡಿನ ಫೋಟೊ, ಔಷಧ ಚೀಟಿ, ರಸೀದಿಗಳ ಜೆರಾಕ್ಸ್ ಲಗತ್ತಿಸಿ, ಮೂಲ ಪ್ರತಿಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ, ಕಚೇರಿಯಲ್ಲಿ ಕೊಟ್ಟ ಅರ್ಜಿಗೆ ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ.